ಬಾಟಲಿ ಖಾಲಿ ಆಯ್ತಮ್ಮ

ಮಾರ್ಚ್ 2, ಸಂಜೆ

ಮತ್ತೆ ಅದೇ ಜಗಳ. ಇಫ್ತಾರ್‌ಗೆ ಖರ್ಜೂರ, ಹಣ್ಣು, ಅರ್ಧ ಲೋಟ ನೀರು. "ಸಾಕಮ್ಮ, ಹೊಟ್ಟೆ ತುಂಬಿತು" ಎಂದು ಮಾವ ಎದ್ದೇಬಿಟ್ಟರು. ಇಡೀ ದಿನ ಒಂದು ಹನಿ ಮುಟ್ಟದ ಮನುಷ್ಯನಿಗೆ ಅರ್ಧ ಲೋಟ ಸಾಕಂತೆ!

ನನಗೇನು ಹಠವಲ್ಲ. ಹೋದ ವರ್ಷ ಉಪವಾಸದ ತಿಂಗಳ ನಡುವೆಯೇ ಕಿಡ್ನಿಯಲ್ಲಿ ಕಲ್ಲು ಎಂದು ಆಸ್ಪತ್ರೆ ಸೇರಿದ್ದರು. ನೋವಿಗೆ ಅಳಲಿಲ್ಲ. ಮಧ್ಯಾಹ್ನ ನರ್ಸು ಊಟದ ತಟ್ಟೆ ತಂದಿಟ್ಟಾಗ ಗೋಡೆ ಕಡೆ ತಿರುಗಿ ಅತ್ತರು. ನಾನೊಬ್ಬಳೇ ನೋಡಿದ್ದು. ಈ ಸಲ ಡಾಕ್ಟರು ಒಪ್ಪಿದ್ದು ಒಂದೇ ಷರತ್ತಿಗೆ — ಸಂಜೆಯಿಂದ ನಸುಕಿನ ಸಹರಿ ಊಟದವರೆಗೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುತ್ತಲೇ ಇರಬೇಕು. ನಮ್ಮನೆಯವರು ಅದಕ್ಕೊಂದು ಬಾಲ ಸೇರಿಸಿದರು: "ಅಬ್ಬಾ, ಇನ್ನೊಂದ್ ಸಲ ತೊಂದ್ರೆ ಆದ್ರೆ ಉಪವಾಸದ ಮಾತೇ ಇಲ್ಲ. ಈ ವರ್ಷನೂ ಇಲ್ಲ, ಮುಂದೂ ಇಲ್ಲ."

ಮಾವ ಮಗನ ಮುಖ ನೋಡದೆ "ಆಯ್ತಪ್ಪ" ಎಂದರು. ನೀರು ಕುಡಿಸುವ ಕೆಲಸ ನನ್ನ ತಲೆಗೆ. ಇವರೋ ವಾರ ಬಿಟ್ಟು ವಾರ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಮಾತಿಗೆ ಮಾತ್ರ ಸಿಗುತ್ತಾರೆ.

ಒಂದು ಪುಣ್ಯ — ಮಾವ ಮಗುವಿನ ಹಾಗೆ ಮಲಗುತ್ತಾರೆ. ರಾತ್ರಿ ಒಮ್ಮೆಯೂ ಏಳುವುದಿಲ್ಲ. ಆ ವಯಸ್ಸಿನವರಲ್ಲಿ ಯಾರಿಗಿದೆ ಅಂಥ ನಿದ್ದೆ? ನಾದಿನಿಗೆ ಫೋನಿನಲ್ಲಿ ಹೇಳಿ ಹೆಮ್ಮೆಪಟ್ಟೆ.

ಮಾರ್ಚ್ 4

ದೊಡ್ಡ ಬಾಟಲಿ ತಂದೆ. ಮೈಮೇಲೆಲ್ಲ ಗೆರೆ. ಗೆರೆಗೊಂದು ಗಂಟೆ, ಗಂಟೆಗೊಂದು ಹುರಿದುಂಬಿಸುವ ಮಾತು. ಆದರೆ ಎಲ್ಲ ಹಗಲಿನ ಗಂಟೆ! ಬಾಟಲಿ ಮಾಡಿದವನಿಗೆ ಉಪವಾಸದ ಗಾಳಿಯೂ ಸೋಕಿಲ್ಲ. ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನಿಂದ ಪ್ಲಾಸ್ಟರ್ ಟೇಪು ತಂದು ಗೆರೆಗಳ ಮೇಲೆ ಅಂಟಿಸಿ ನಾನೇ ಬರೆದೆ — ಇಫ್ತಾರ್ ಆದಮೇಲೆ. ಮಸೀದಿಗೆ ಹೊರಡುವ ಮುಂಚೆ. ಬಂದ ಮೇಲೆ. ಮಲಗುವಾಗ. ಎಚ್ಚರವಾದಾಗ. ಸಹರಿ.

ಮಾವ ಕನ್ನಡಕ ಏರಿಸಿ ಓದಿದರು. ತಳದಲ್ಲಿ ಟೇಪು ಮುಚ್ಚದ ಒಂದು 'ಶಭಾಷ್' ಉಳಿದುಹೋಗಿತ್ತು.

"ಇದು ನಂಗೆ ಶಭಾಷ್ ಅನ್ನುತ್ತಾ?"

"ಪೂರ್ತಿ ಕುಡಿದ್ರೆ ಅನ್ನುತ್ತೆ ಮಾವ."

"ಹೆಡ್‌ಮಾಸ್ತರಾಗಿ ಮೂವತ್ತು ವರ್ಷ ನಾನು ಹೇಳ್ತಿದ್ದೆ. ಈಗ ಬಾಟಲಿ ಕೈಲಿ ಹೇಳಿಸ್ಕೋಬೇಕು" ಎಂದು ನಕ್ಕರು. ಹಲ್ಲಿನ ಸೆಟ್ ಹಾಕಿದ ನಗು. ನಮ್ಮ ಕ್ಲಿನಿಕ್ಕಿನದೇ ಸೆಟ್, ಅಳತೆಯ ಹಿಟ್ಟು ಕಲಸಿದವಳು ನಾನು. ಆ ನಗುವಿನಲ್ಲಿ ನನಗೂ ಪಾಲಿದೆ.

ಮಾರ್ಚ್ 5, ಬೆಳಿಗ್ಗೆ

ಸಹರಿಗೆ ಎದ್ದು ನೋಡಿದರೆ ಬಾಟಲಿ ಬರಿದು. ತಳದ ತನಕ. "ಬಾಟಲಿ ಖಾಲಿ ಆಯ್ತಮ್ಮ" ಎಂದರು. ಎಷ್ಟು ಸುಲಭವಾಯಿತು! ಇದಕ್ಕೆ ನಾನು ಎರಡು ದಿನ ಗಂಟಲು ಹರಿದುಕೊಂಡೆನಲ್ಲ.

ಮಾರ್ಚ್ 6

ಹಲ್ಲಿನ ಕ್ಲಿನಿಕ್ಕಿನಲ್ಲಿ ಉಪವಾಸವಿದ್ದು ಕೆಲಸ ಮಾಡುವ ಕಷ್ಟ ಹಲ್ಲಿನ ಕ್ಲಿನಿಕ್ಕಿನವರಿಗೇ ಗೊತ್ತು. ದಿನವಿಡೀ ನನ್ನ ಮಾತು ಎರಡೇ: ಬಾಯಿ ಮುಕ್ಕಳಿಸಿ. ಉಗುಳಿ. ಕುರ್ಚಿ ಪಕ್ಕದ ಲೋಟಕ್ಕೆ ತಣ್ಣಗೆ ನೀರು ಇಳಿಯುವ ಸದ್ದು ಇದೆಯಲ್ಲ... ಅದನ್ನು ಕೇಳುತ್ತ ನಿಂತಿದ್ದೆ. ಡಾಕ್ಟರಮ್ಮ "ಸಕ್ಷನ್!" ಎಂದು ಎರಡು ಸಲ ಕೂಗಬೇಕಾಯಿತು. ನೀರೆಳೆಯುವ ಪೈಪು ನನ್ನ ಕೈಯಲ್ಲೇ ಇತ್ತು, ರೋಗಿಯ ಬಾಯಲ್ಲಿ ಕೆರೆ ಕಟ್ಟಿತ್ತು.

ಡಾಕ್ಟರಮ್ಮ ತಮ್ಮ ಟೀ ನನ್ನೆದುರು ಕುಡಿಯುವುದಿಲ್ಲ. ಎಕ್ಸ್‌ರೇ ಕೋಣೆಗೆ ಹೋಗಿ ಕದ್ದು ಕುಡಿಯುತ್ತಾರೆ. ಪರವಾಗಿಲ್ಲ ಮೇಡಂ ಎಂದರೆ "ನಿಂಗಲ್ಲ, ನಂಗೆ ಗಂಟಲಲ್ಲಿ ಇಳಿಯಲ್ಲ" ಅನ್ನುತ್ತಾರೆ.

ಮಾರ್ಚ್ 9

ಮಾವ ಮಧ್ಯಾಹ್ನ ಕುರಾನ್ ಓದುವಾಗ ಮೇಲಿನ ಸೆಟ್ ಕಳಚಿ ಬಿತ್ತಂತೆ. ಓದು ನಿಲ್ಲಿಸಿ, ಕೈ ತೊಳೆದು, ಹಾಕಿ, ಮತ್ತೆ ಓದಿ, ಮತ್ತೆ ಬಿತ್ತಂತೆ. "ನಿಮ್ ಡಾಕ್ಟರು ಸಡಿಲ ಮಾಡಿ ಕೊಟ್ಟಿದ್ದಾರಮ್ಮ."

ನನಗೆ ಚುಚ್ಚಿತು. ಎರಡು ವರ್ಷ ಅಲ್ಲಾಡದೆ ಕೂತ ಸೆಟ್! "ನಿಮ್ಮ ಬಾಯೇ ಸಣ್ಣದಾಗಿರ್ಬೇಕು" ಎಂದೆ. ಇವರು ಪಕ್ಕದಲ್ಲಿ ಪೇಪರ್ ಓದುತ್ತಿದ್ದವರು, "ಇಷ್ಟು ವರ್ಷದಲ್ಲಿ ಅಬ್ಬಾನ ಬಾಯಿ ಸಣ್ಣದಾಗಿದ್ದು ಯಾವಾಗ?" ಎಂದರು. ಮೂವರೂ ನಕ್ಕೆವು.

ನಾಳೆ ಕ್ಲಿನಿಕ್ಕಿಗೆ ಕರೆದೊಯ್ಯಬೇಕು.

ಮಾರ್ಚ್ 10

ಬೆಳಿಗ್ಗೆ ಕ್ಲಿನಿಕ್ ತೆರೆಯುತ್ತಲೇ ಮೊದಲ ಪೇಷಂಟು ಮಾವ. ಕುರ್ಚಿಯಲ್ಲಿ ಒರಗುವ ಮುಂಚೆಯೇ ಕರಾರು: "ನೀರು ಹೊಡೀಬಾರದು. ಮುಕ್ಕಳಿಸಕ್ಕೂ ಹೇಳಬಾರದು." ಡಾಕ್ಟರಮ್ಮ, "ಬರೀ ಕನ್ನಡಿ ಇಟ್ಟು ನೋಡ್ತೀನಿ ಸರ್, ಕನ್ನಡಿ ಒಣಗಿದೆ" ಎಂದರು.

ಕನ್ನಡಿ ಒಣಗಿತ್ತು ನಿಜ. ಬಾಯಿ ಅದಕ್ಕಿಂತ ಒಣಗಿತ್ತು. ಕೆನ್ನೆಯ ಒಳಗೆ ಇಟ್ಟ ಕನ್ನಡಿ ಅಲ್ಲೇ ಅಂಟಿಕೊಂಡಿತು. ಡಾಕ್ಟರಮ್ಮ ಮೆಲ್ಲಗೆ ಬಿಡಿಸಿ ನನ್ನ ಕಡೆ ನೋಡಿದರು. ಹೊಸಬರಿಗೆ ಕಲಿಸುವ ಮೊದಲ ಪಾಠವೇ ಅದು — ಕನ್ನಡಿ ಅಂಟಿದರೆ ಬಾಯಲ್ಲಿ ಜೊಲ್ಲಿಲ್ಲ.

"ಸೆಟ್ ಸರಿಯಾಗೇ ಇದೆ ಸರ್. ಮೇಲಿನ ಸೆಟ್ ನಿಲ್ಲೋದೇ ಜೊಲ್ಲಿನ ಪಸೆ ಮೇಲೆ. ನಿಮ್ಮ ಬಾಯಲ್ಲಿ ಪಸೆನೇ ಇಲ್ಲ."

"ಉಪವಾಸ ಅಲ್ವಾ ತಾಯಿ."

"ಇವಳೂ ಉಪವಾಸ. ಸಂಜೆ ಹೊತ್ತಿಗೆ ಒಣಗಿದ್ರೆ ಸರಿ. ಈಗಿನ್ನೂ ಬೆಳಿಗ್ಗೆ. ರಾತ್ರಿ ನೀರು ಕುಡಿಯಲ್ವಾ?"

ಮಾವ ನನ್ನತ್ತ ಕೈ ತೋರಿಸಿದರು. "ದಿನಾ ಬಾಟಲಿ ಖಾಲಿ ಆಗುತ್ತೆ. ಬೇಕಾದ್ರೆ ಸೊಸೆನ್ನ ಕೇಳಿ."

ಹೌದು ಮೇಡಂ ಎಂದು ನಾನೇ ಸಾಕ್ಷಿ ಹೇಳಿದೆ. ಡಾಕ್ಟರಮ್ಮ ಹುಬ್ಬು ಏರಿಸಿದರು. ಸೆಟ್ಟನ್ನು ಉಜ್ಜಲಿಲ್ಲ, ಮುಟ್ಟಲಿಲ್ಲ.

ಮನೆಗೆ ಬಂದ ಮೇಲೂ ತಲೆಯಲ್ಲಿ ಅದೇ. ಅಷ್ಟು ನೀರು ಎಲ್ಲಿ ಹೋಗುತ್ತಿದೆ?

ಮಾರ್ಚ್ 13

ಗೊತ್ತಾಯಿತು ಎಲ್ಲಿ ಹೋಗುತ್ತಿದೆ ಎಂದು.

ಕೆಳಮನೆ ಟೀಚರ್ ಬಂದಿದ್ದರು. ಕೈಯಲ್ಲಿ ಒದ್ದೆ ದಿಂಬಿನ ಕವರು. "ತಪ್ಪು ತಿಳ್ಕೋಬೇಡಿ. ನಿಮ್ ಬಾಲ್ಕನಿ ಗಿಡಕ್ಕೆ ರಾತ್ರಿ ಹೊತ್ತು ಯಾರು ನೀರು ಹಾಕ್ತಾರೆ? ಬೆಳಿಗ್ಗೆ ನೋಡಿದ್ರೆ ನಮ್ಮ ಬಟ್ಟೆ ಮೇಲೆಲ್ಲ ಮಣ್ಣುನೀರು."

ಕ್ಷಮೆ ಕೇಳಿ ಬಾಲ್ಕನಿಗೆ ಹೋದೆ. ಮನಿಪ್ಲಾಂಟ್ ಹಳದಿ. ಕುಂಡದ ಮಣ್ಣು ಕೆಸರು. ಬೆರಳಿಟ್ಟರೆ ಒಳಗಿಳಿಯಿತು, ಬೇರು ಕೊಳೆತ ವಾಸನೆ. ಪಕ್ಕದ ಕುಂಡವೂ ಹಾಗೆಯೇ. ಮಾವನ ಮಂಚದಿಂದ ಬಾಲ್ಕನಿ ಬಾಗಿಲಿಗೆ ಕೈ ಚಾಚುವಷ್ಟೇ ದೂರ.

ಬಾಯಿ ಒಣಗಿ ಹಲ್ಲು ಕಳಚುತ್ತಿದೆ, ಗಿಡ ನೀರು ಹೆಚ್ಚಾಗಿ ಸಾಯುತ್ತಿದೆ!

ಬರೆಯಲೂ ಕೈ ಬರುತ್ತಿಲ್ಲ. ಅಷ್ಟು ಕೋಪ. ಡಾಕ್ಟರಮ್ಮನ ಮುಂದೆ ಸಾಕ್ಷಿ ಹೇಳಿದವಳು ನಾನು.

ಮಾರ್ಚ್ 14, ಬೆಳಿಗ್ಗೆ, ಬಸ್ಸಿನಲ್ಲಿ

ಕೋಪ ಹಾಗೇ ಇದೆ. ಆದರೂ ಒಂದು ಯೋಚನೆ.

ಮಾವ ಸುಳ್ಳು ಹೇಳುವವರಲ್ಲ. ಉಪವಾಸದಲ್ಲಂತೂ ಪ್ರಾಣ ಹೋದರೂ ಇಲ್ಲ. ಅವರು ಒಂದು ದಿನವೂ 'ಕುಡಿದೆ' ಎಂದಿಲ್ಲ. "ಬಾಟಲಿ ಖಾಲಿ ಆಯ್ತಮ್ಮ." "ಬಾಟಲಿ ಖಾಲಿ ಆಗುತ್ತೆ." ಆಗುತ್ತೆ! ತಾನೇ ತಾನಾಗಿ! ಹೆಡ್‌ಮಾಸ್ತರ ವ್ಯಾಕರಣ. ನಾನು ದಡ್ಡಿ, ಕೇಳಿದ್ದನ್ನೆಲ್ಲ ನೀರಿನ ಜೊತೆ ನುಂಗಿದೆ.

ಇವರಿಗೆ ಹೇಳಿಲ್ಲ. ಹೇಳಿದರೆ ಇವತ್ತೇ ಉಪವಾಸಕ್ಕೆ ಮಂಗಳ. ಹೇಳದಿದ್ದರೆ... ಮತ್ತೆ ಕಲ್ಲು, ಮತ್ತೆ ಆಸ್ಪತ್ರೆ, ಅದಕ್ಕೆ ನಾನೇ ಹೊಣೆ. ಭಯವಾಗುತ್ತದೆ.

ಆದರೆ ಯಾಕೆ? ನೀರಿನ ಮೇಲೆ ಅವರಿಗೇನು ದ್ವೇಷ? ಬೇರೆ ತಿಂಗಳಲ್ಲಿ ಬೆಳಿಗ್ಗೆ ಎದ್ದರೆ ಚೊಂಬುಗಟ್ಟಲೆ ಕುಡಿಯುತ್ತಾರೆ. ಮಧ್ಯಾಹ್ನವೂ ಕುಡಿಯುತ್ತಾರೆ. ಸಂಜೆ ಮಾತ್ರ ಯಾವತ್ತೂ ಅಷ್ಟಕ್ಕಷ್ಟೇ. ಅದು ಅಭ್ಯಾಸ ಅಂದುಕೊಂಡಿದ್ದೆ. ಸ್ಟಾಪ್ ಬಂತು —

ಮಾರ್ಚ್ 15, ರಾತ್ರಿ

ಮಸೀದಿಯಲ್ಲಿ ರಾತ್ರಿಯ ತರಾವೀಹ್ ನಮಾಜು ಮುಗಿಸಿ ಬರುವಾಗ ಮಾವ ಮೆಟ್ಟಿಲ ಮೇಲೆ ಕುಸಿದು ಕೂತರು. ತಲೆ ಸುತ್ತು. ಜೊತೆಗೆ ಇವರಿದ್ದದ್ದು ಒಳ್ಳೆಯದಾಯಿತು — ಈ ವಾರ ಹಗಲು ಪಾಳಿ. ಆಟೋದಲ್ಲಿ ಆಸ್ಪತ್ರೆ. ಡಾಕ್ಟರು ಪರೀಕ್ಷೆ ಮಾಡಿ, ಸದ್ಯ ಕಲ್ಲೇನೂ ಇಲ್ಲ, ಮೈಯಲ್ಲಿ ನೀರು ಸಾಲದು ಎಂದರು. ಇವರು ಪಕ್ಕದಲ್ಲೇ ನಿಂತು ಲೋಟದ ಮೇಲೆ ಲೋಟ ಕುಡಿಸಿದರು. ಮಾವ ಕುಡಿದರು, ತಲೆ ತಗ್ಗಿಸಿ.

ಮನೆಗೆ ಬಂದು ಇವರು ಅಡುಗೆಮನೆಯಲ್ಲಿ ಧ್ವನಿ ತಗ್ಗಿಸಿ, "ನಾಳೆಯಿಂದ ಉಪವಾಸ ಸಾಕು. ನೀನೂ ಅವರ ಪರ ಮಾತಾಡ್ಬೇಡ" ಎಂದರು.

"ಎರಡೇ ದಿನ ಕೊಡ್ರೀ."

"ಎರಡು ದಿನದಲ್ಲಿ ಏನು ಮಾಡ್ತೀಯ?"

ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ. ಇವರು "ಎರಡೇ" ಎಂದರು.

ಮಾವ ಎಲ್ಲ ಕೇಳಿಸಿಕೊಂಡಿರಬೇಕು. ಮಂಚದ ಮೇಲೆ ಆಚೆ ತಿರುಗಿ ಮಲಗಿದ್ದರು. ಹೋದ ವರ್ಷ ಗೋಡೆ ಕಡೆ ತಿರುಗಿದ್ದ ಹಾಗೆಯೇ.

ಮಾರ್ಚ್ 16, ಸಹರಿ ಮುಗಿದ ಮೇಲೆ

ಛೆ. ಛೆ. ಛೆ.

ಕಣ್ಣೆದುರೇ ಇತ್ತು. ಮೂರು ವರ್ಷದಿಂದ.

ಈ ಮನೆ ಇರುವುದೇ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಮಾವನ ಮಂಚ, ಅದರ ಬದಿಗೆ ಅಡುಗೆಮನೆ, ಬಾಲ್ಕನಿ. ಒಳಕೋಣೆ ನಮ್ಮದು. ಬಾತ್‌ರೂಮ್ ಇರುವುದು ಒಳಕೋಣೆಯ ಆ ತುದಿಗೆ. ಹಗಲೆಲ್ಲ ನಡುಬಾಗಿಲು ತೆರೆದೇ ಇರುತ್ತದೆ, ಮಾವ ಬರುತ್ತಾರೆ ಹೋಗುತ್ತಾರೆ. ನಾನೊಬ್ಬಳೇ ಇದ್ದರೆ ಹೊಸ್ತಿಲಲ್ಲಿ ಒಮ್ಮೆ ಕೆಮ್ಮುತ್ತಾರೆ. ಸೆರಗು ಸರಿಮಾಡಿಕೊಳ್ಳಲು, ಎದ್ದು ಕೂರಲು ನನಗೆ ಸಮಯ ಸಿಗಲಿ ಎಂದು. ಮದುವೆಯಾದ ದಿನದಿಂದ ಹಾಗೆಯೇ. ರಾತ್ರಿ ಮಲಗುವಾಗ ಬಾಗಿಲು ಹಾಕಿಕೊಳ್ಳುತ್ತೇವೆ.

ಇವತ್ತು ಸಹರಿಗೆ ಬಾಗಿಲು ತೆರೆದೆ. ಮಾವ ಎಂದಿನಂತೆ ಮಂಚದ ಅಂಚಿನಲ್ಲಿ, ಕಾಲು ನೆಲಕ್ಕೆ ಊರಿ, ಎದ್ದು ಕೂತಿದ್ದರು. ದಿನಾ ಹಾಗೆ ಕೂತಿರುತ್ತಾರೆ. ಸಹರಿಯ ಉತ್ಸಾಹ ಎಂದು ನಾನು ನಗುತ್ತಿದ್ದೆ. ಕೆಮ್ಮಿ, ನನ್ನನ್ನು ದಾಟಿ ಸೀದಾ ಬಾತ್‌ರೂಮಿಗೆ. ಆದರೆ ಒಳಗೆ ಇವರಿದ್ದರು. ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತರು. ಒಂದು ಕಾಲಿಂದ ಇನ್ನೊಂದು ಕಾಲಿಗೆ. ಹಣೆಯಲ್ಲಿ ಬೆವರು. "ಪರವಾಗಿಲ್ಲ, ಪರವಾಗಿಲ್ಲ" ಎನ್ನುತ್ತಿದ್ದರು, ಯಾರೂ ಏನೂ ಕೇಳದೆ.

ರಾತ್ರಿ ಮಗ ಕುಡಿಸಿದ ನೀರು. ಇಡೀ ರಾತ್ರಿ ತಡೆದುಕೊಂಡಿದ್ದಾರೆ.

ಮಗುವಿನ ಹಾಗೆ ಮಲಗುತ್ತಾರಂತೆ! ನಾದಿನಿಗೆ ಹೇಳಿ ಹೆಮ್ಮೆಪಟ್ಟೆನಂತೆ!

ಸೊಸೆ ಮಲಗಿರುವ ಕೋಣೆ. ಕೆಮ್ಮಿದರೆ ಅವಳಿಗೆ ಎಚ್ಚರ. ಕೆಮ್ಮದೆ ಬರುವುದು ಅವರಿಂದಾಗದು. ಬಾಗಿಲು ಬಡಿಯುವುದಂತೂ ದೂರವೇ ಉಳಿಯಿತು. ಹಾಗಾಗಿ ಮನುಷ್ಯ ಸಂಜೆಯಾದರೆ ನೀರು ಬಿಟ್ಟಿದ್ದಾರೆ. ವರ್ಷವಿಡೀ. ಬೇರೆ ತಿಂಗಳಲ್ಲಿ ಹಗಲಿದೆ, ನಡೆಯುತ್ತದೆ. ಈ ತಿಂಗಳಲ್ಲಿ ಹಗಲಿಗೆ ಉಪವಾಸ, ರಾತ್ರಿಗೆ ನಮ್ಮ ಬಾಗಿಲು.

ಇದನ್ನು ಬಾಯಿಬಿಟ್ಟು ಕೇಳುವುದು ಹೇಗೆ? ನನಗೂ ಆಗದು. ಕೇಳಿದರೆ ಅವರು ಮತ್ತೆ ತಲೆ ಎತ್ತಿ ನನ್ನ ಮುಖ ನೋಡರು.

ಅದೇ ದಿನ, ಸಂಜೆ

ಇವರಿಗೆ ಮಾತ್ರ ಹೇಳಿದೆ. ಕುಂಡದ ವಿಷಯವನ್ನೂ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಎದ್ದು ಮಂಚ ಬಿಚ್ಚಲು ಸ್ಪ್ಯಾನರ್ ಹುಡುಕಿದರು.

ಮಾವನ ಹತ್ತಿರ ನಾನು ಹೋದೆ. ಉಪವಾಸ ನನ್ನದೂ ಇದೆಯಲ್ಲ, ಸುಳ್ಳು ಹೇಳುವ ಹಾಗಿಲ್ಲ. ಈ ಮನೆಗೆ ಬಂದ ದಿನ ಮಾವ ಮುಂದಿನ ಕೋಣೆ ತಾವೇ ಕೇಳಿ ತೆಗೆದುಕೊಂಡಾಗ ಹೇಳಿದ್ದ ಮಾತು ನೆನಪಿತ್ತು. ಅದನ್ನೇ ಅವರಿಗೆ ವಾಪಸು ಕೊಟ್ಟೆ.

"ಮಾವ, ಮುಂದಿನ ಕೋಣೆ ನಮಗೆ ಬಿಟ್ಟುಕೊಡಿ. ಇಲ್ಲಿ ಗಾಳಿ ಚೆನ್ನಾಗಿದೆ."

ಗಾಳಿ ಚೆನ್ನಾಗಿಯೇ ಇದೆ. ಸುಳ್ಳಲ್ಲ.

ಮಾವ ನನ್ನನ್ನು ನೋಡಿದರು. ಬಾಲ್ಕನಿ ಕಡೆ ನೋಡಿದರು. ಹಳದಿ ಗಿಡವನ್ನು ನಾನು ಎತ್ತಿಟ್ಟಿದ್ದೆ, ಕುಂಡದ ಜಾಗದಲ್ಲಿ ದುಂಡನೆ ಕಲೆ ಮಾತ್ರ ಇತ್ತು.

"ರಸ್ತೆ ಲೈಟು ಕಣ್ಣಿಗೆ ಹೊಡೆಯುತ್ತಮ್ಮ ಇಲ್ಲಿ."

"ಪರದೆ ಹಾಕ್ಕೋತೀವಿ."

"ನಿಮಗೆ ಒಳಗೇ ಅನುಕೂಲ..."

"ಗಾಳಿ ಬೇಕು ಮಾವ."

ಮಾವ ಎದ್ದು ತಮ್ಮ ದಿಂಬನ್ನು ತಾವೇ ಕಂಕುಳಲ್ಲಿಟ್ಟುಕೊಂಡು ಒಳಕೋಣೆಗೆ ನಡೆದರು. ಹೊಸ್ತಿಲಲ್ಲಿ ಅಭ್ಯಾಸಬಲದಿಂದ ಕೆಮ್ಮಿದರು. ಒಳಗೆ ಯಾರೂ ಇರಲಿಲ್ಲ.

ಮಾರ್ಚ್ 17, ಬೆಳಿಗ್ಗೆ

ರಸ್ತೆ ದೀಪ ನಿಜಕ್ಕೂ ಕಣ್ಣಿಗೆ ಹೊಡೆಯುತ್ತದೆ. ಅರೆನಿದ್ದೆಯಲ್ಲಿ ಒಳಗಿನಿಂದ ಬಾತ್‌ರೂಮಿನ ಬಾಗಿಲು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ. ಇವರು ಕತ್ತಲಲ್ಲಿ ನನ್ನ ಕೈ ಹಿಡಿದರು.

ಬಾಟಲಿ ಬರಿದು. ಉಳಿದ ಕುಂಡದ ಮಣ್ಣು ಒಣಗತೊಡಗಿತ್ತು. ಕೇಳುವ ಮುಂಚೆಯೇ ಮಾವ ಹೇಳಿದರು: "ಕುಡಿದೆ ಕಣಮ್ಮ."

ನಾನು ಸ್ಟೌ ಕಡೆ ತಿರುಗಿಬಿಟ್ಟೆ. ಕಣ್ಣು ಒರೆಸಿಕೊಳ್ಳಲು ಬೇರೆ ಜಾಗ ಇರಲಿಲ್ಲ.

ಮಾರ್ಚ್ 18

ಎರಡು ದಿನದ ಗಡುವು ಮುಗಿಯಿತು. ಇವರು ಆ ಮಾತೇ ಎತ್ತಲಿಲ್ಲ. ಮಾವ ಮಧ್ಯಾಹ್ನ ಓದಿದ್ದು ಮೆಟ್ಟಿಲವರೆಗೆ ಕೇಳಿಸಿತಂತೆ, ಕೆಳಮನೆ ಟೀಚರ್ ಹೇಳಿದರು. ಸೆಟ್ ಗಟ್ಟಿ ಕೂತಿದೆ. ಡಾಕ್ಟರಮ್ಮನಿಗೆ ಹೇಳಿದೆ. "ನಾನು ಮುಟ್ಟಲೇ ಇಲ್ಲವಲ್ಲ" ಎಂದು ನಕ್ಕರು.

ಮಾರ್ಚ್ 21

ತಲೆನೋವು. ಮಧ್ಯಾಹ್ನದಿಂದ. ಕ್ಲಿನಿಕ್ಕಿನಲ್ಲಿ ಒಂದು ಕೇಳಿದರೆ ಇನ್ನೊಂದು ಕೊಟ್ಟೆ. ಡಾಕ್ಟರಮ್ಮ "ರಾತ್ರಿ ನೀರು ಕುಡಿತಿದೀಯಾ?" ಎಂದು ಕೇಳಿದರು. ನಗುತ್ತಾ ಟ್ರೇ ತೊಳೆಯಲು ಹೋದೆ.

ವಿಷಯ ಇಷ್ಟೇ. ಈಗ ಬಾತ್‌ರೂಮಿಗೆ ಹೋಗಬೇಕಾದರೆ ಮಾವನ ಕೋಣೆ ದಾಟಬೇಕು. ಇವರಿಗೇನು, ಅಪ್ಪನ ಕೋಣೆ, ಧಡಧಡ ಹೋಗುತ್ತಾರೆ. ಮತ್ತೆ ಈ ವಾರ ರಾತ್ರಿ ಪಾಳಿ ಬೇರೆ. ನಾನೊಬ್ಬಳೇ ನೈಟಿ ಮೇಲೆ ದುಪಟ್ಟಾ ಸುತ್ತಿಕೊಂಡು, ಮಲಗಿದ ಮಾವನ ಮುಂದೆ ಕೆಮ್ಮುತ್ತಾ... ಆಗದಪ್ಪ. ಸಂಜೆ ಸ್ವಲ್ಪ ಕಡಿಮೆ ಕುಡಿದರಾಯಿತು. ಇನ್ನೆಷ್ಟು ದಿನ, ತಿಂಗಳು ಮುಗಿಯುತ್ತ ಬಂತು.

ಯಾರಿಗೂ ಹೇಳಬೇಕಿಲ್ಲ.

ಮಾರ್ಚ್ 23, ಸಹರಿ

ಉಪವಾಸ ಶುರುವಾಗುವ ಅಜಾನ್‌ಗೆ ಇನ್ನೂ ಸ್ವಲ್ಪ ಸಮಯವಿದೆ. ಮಾವನ ಊಟವಾಯಿತು. ನನ್ನದೂ. ಮಂಚದ ಮೇಲೆ ಕೂತು ಇದನ್ನು ಬರೆಯುತ್ತಿದ್ದೆ. ನಡುಬಾಗಿಲ ಆಚೆಯಿಂದ ಕೆಮ್ಮು. ದುಪಟ್ಟಾ ಎಳೆದುಕೊಂಡೆ.

ಮಾವ. ಕೈಯಲ್ಲಿ ಆ ಬಾಟಲಿ, ಕುತ್ತಿಗೆಯವರೆಗೆ ತುಂಬಿದ್ದು. ಇನ್ನೊಂದು ಕೈಯಲ್ಲಿ ಲೋಟ.

"ನೀನು ನೀರು ಕುಡಿದ್ಯಾಮ್ಮ?"

ನನ್ನದೊಂದು ಸಣ್ಣ ಬಾಟಲಿ ದಿಂಬಿನ ಪಕ್ಕ ಇತ್ತು. ನಿನ್ನೆಯಿಂದ ಅದನ್ನು ತುಂಬಿಸಿಯೇ ಇಲ್ಲ. ಖಾಲಿ ಎಂದರೆ ಸುಳ್ಳಾಗುವುದಿಲ್ಲ.

"ಬಾಟಲಿ ಖಾಲಿ ಇದೆ ಮಾವ."

ಹೆಡ್‌ಮಾಸ್ತರು ನನ್ನನ್ನು ನೋಡಿದರು. ಹಿಂದಿನ ಬೆಂಚಿನವರನ್ನು ನೋಡುವ ಹಾಗೆ.

"ಖಾಲಿ ಇದೆಯಾ ಅಂತ ನಾನು ಕೇಳಿದ್ನಾ?"

ಮಾವ ಲೋಟಕ್ಕೆ ನೀರು ಬಗ್ಗಿಸಿ ಮೇಜಿನ ಮೇಲಿಟ್ಟರು. ಮುಖ ಕಿಟಕಿಯ ಕಡೆಗೆ ತಿರುಗಿಸಿಕೊಂಡೇ ಹೇಳಿದರು:

"ನಾಳೆಯಿಂದ ಈ ಬಾಗಿಲು ಹಾಕೋದು ಬೇಡ. ನಾನು ಬೆಳಗಾಗೋವರೆಗೆ ಗೋಡೆ ಕಡೆ ತಿರುಗಿ ಮಲಗ್ತೀನಿ. ನೀನು ಕೆಮ್ಮಬೇಡ. ನಾನೂ ಕೆಮ್ಮಲ್ಲ. ಮಗಳ ಮನೇಲಿ ಯಾರಾದ್ರೂ ಕೆಮ್ಮಿ ಓಡಾಡ್ತಾರಾ?"

ಇಲ್ಲ ಮಾವ ಎಂದೆನೋ ಏನೋ.

ಹೋಗಿಲ್ಲ ಇನ್ನೂ. ಅಲ್ಲೇ ನಿಂತಿದ್ದಾರೆ, ಲೋಟ ನೋಡುತ್ತಾ. "ಬರೆಯೋದು ಆಮೇಲೆ. ಮೊದಲು ಕುಡಿ. ಇನ್ನೇನು ಅಜಾನ್ ಆಗುತ್ತೆ, ಕುಡಿಯಮ್ಮ" ಅನ್ನುತ್ತಿದ್ದಾರೆ. ಪೆನ್ನು ಕೆಳಗಿಟ್ಟು —